ಷಡ್ಡಕರು ಬಿಟ್ಟ ಸಿಗರೇಟು

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ತಾವು ದಾನ ಮಾಡಿದ ಕಲ್ಲು ಬೆಂಚಿನ ಮೇಲೆ ಮೊದಲು ಕೂಡಬೇಕಾದವರು ತಾವೇ ಎಂದು ಗಡಿಗೆಪ್ಪನವರಿಗೆ ಅನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಬಣ್ಣದಲ್ಲಿ. ಅದು ಇನ್ನೂ ಹಸಿಯಾಗಿತ್ತು.

೧೯೭೯ರ ಬೇಸಿಗೆ. ಬೆಂಚಿನ ಒರಗುವ ಕಲ್ಲಿನ ಮೇಲೆ ‘ದಾನಿಗಳು: ಚೀಲದ ಗಡಿಗೆಪ್ಪ, ರಾಯಚೂರು’ ಎಂದು ಕೆಂಪಗೆ, ದಪ್ಪಗೆ ಬರೆಸಿದ್ದರು. ಬರೆದ ಪೇಂಟರು, ‘ಮಧ್ಯಾಹ್ನದ ತನಕ ಯಾರೂ ಮುಟ್ಟಬಾರದ್ರಿ’ ಎಂದು ಹೇಳಿ ಚಹಾ ಕುಡಿಯಲು ಹೋಗಿದ್ದ. ಅಷ್ಟರಲ್ಲಿ ಮಾನ್ವಿ ಬಸ್ಸು ಬಂತು. ಅದರಿಂದ ವಿರೂಪಣ್ಣನವರು ಇಳಿದರು. ಇವರು ಗಡಿಗೆಪ್ಪನವರ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ. ಬಿಸಿಲಿಗೆ ಬಳಲಿದ್ದ ಅವರು ಇಳಿದವರೇ ನೆಟ್ಟಗೆ ಬೆಂಚಿನ ಕಡೆ ಬರತೊಡಗಿದರು. ತಮ್ಮ ಬೆಂಚಿನ ಮೇಲೆ ಮೊದಲು ಅವರು ಕೂಡುವುದೆಂದರೇನು! ಗಡಿಗೆಪ್ಪನವರು ಓಡಿದರು, ಕೂತರು, ಕೂತದ್ದು ಸಾಲದೆಂದು ಹಾಯಾಗಿ ಬೆನ್ನನ್ನೂ ಒರಗಿಸಿದರು.

ಎದ್ದಾಗ ಬೆಂಚಿನ ಹೆಸರು ಬೆನ್ನಿಗೆ ಬಂದಿತ್ತು. ಬಿಳಿ ಅಂಗಿಯ ಮೇಲೆ ಕೆಂಪು ಅಕ್ಷರ, ಎಲ್ಲವೂ ತಿರುವುಮುರುವು. ಅವರಿಗದು ಗೊತ್ತಿಲ್ಲ. ಷಡ್ಡಕರನ್ನು ಕರೆದುಕೊಂಡು ತೀನ್ ಕಂದೀಲು ಚೌಕದ ಮೂಲಕ ಗಂಜಿನ, ಅಂದರೆ ಧಾನ್ಯದ ಪೇಟೆಯ, ತಮ್ಮ ಅಂಗಡಿಗೆ ಹೊರಟರು. ಜನ ತಿರುತಿರುಗಿ ನೋಡಿದರು. ದಾನಕ್ಕೆ ಇಷ್ಟು ಬೇಗ ಹೆಸರು ಬಂತೇ ಎಂದು ಅವರು ಹಿಗ್ಗಿದರು. ದಾರಿಯಲ್ಲಿ ಹಿಂದಿದ್ದ ವಿರೂಪಣ್ಣನವರು ಮಾತಿಲ್ಲದೆ ತಮ್ಮ ಹೆಗಲ ವಲ್ಲಿ ತೆಗೆದು ಇವರಿಗೆ ಹೊದಿಸಿದರು. ನಡುಬೀದಿಯಲ್ಲಿ ಷಡ್ಡಕರೇ ಶಾಲು ಹೊದಿಸಿ ಸನ್ಮಾನ ಮಾಡಿದರೆಂದು ಗಡಿಗೆಪ್ಪನವರ ಎದೆ ಇನ್ನೊಂದು ಗೇಣು ಅಗಲವಾಯಿತು. ಅಂಗಡಿ ಮುಟ್ಟಿ ವಲ್ಲಿಯನ್ನು ಭಕ್ತಿಯಿಂದ ಮಡಚುವಾಗ, ಹೊರಗೆ ಸೈಕಲ್ ರಿಕ್ಷಾ ನಿಲ್ಲಿಸಿಕೊಂಡಿದ್ದ ಅಲ್ಲಾಉದ್ದೀನ್ ಕೇಳಿದ:

‘ಸಾವ್ಕಾರ್ರ, ನಿಮ್ಮ ಹೆಸರು ಉರ್ದೂದಾಗ ಬರ್ಸೀರೇನು? ಬಲಗಡಿಯಿಂದ ಓದಿದೆ, ಭೇಷ್ ಸರಿ ಬಂತು!’

ಬಣ್ಣ ಹತ್ತಿದ್ದಕ್ಕೆ ಗಡಿಗೆಪ್ಪನವರಿಗೆ ಅಷ್ಟು ನೋವಾಗಲಿಲ್ಲ. ಹೊಟ್ಟೆ ಉರಿಸಿದ್ದು ಆ ವಲ್ಲಿ. ಮಾನ ಉಳಿಸಿದ್ದನ್ನು ವಿರೂಪಣ್ಣನವರು ಯಾರ ಮುಂದೂ ಆಡಲಿಲ್ಲ. ಆಡಿದ್ದರೆ ಇವರಿಗೆ ಅವರನ್ನು ಬೈಯಲಾದರೂ ಒಂದು ನೆವ ಸಿಗುತ್ತಿತ್ತು.

ನಾನಾಗ ಗಡಿಗೆಪ್ಪನವರ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಘೋರ ಪಾಪಗಳು ಏಳು ಎಂದು ಕಲಿಸಿದ್ದರು. ಮನೆಯಲ್ಲಿ ಅಜ್ಜಿ ಮನುಷ್ಯನ ಒಳವೈರಿಗಳು ಆರು ಎನ್ನುತ್ತಿದ್ದಳು. ಎರಡು ಧರ್ಮಕ್ಕೂ ಲೆಕ್ಕ ಹೊಂದದಿದ್ದರೂ ಮತ್ಸರ ಮಾತ್ರ ಎರಡೂ ಕಡೆ ಹಾಜರಿತ್ತು. ಗಡಿಗೆಪ್ಪನವರ ಮನೆಗೆ ಬಾಡಿಗೆಗೆ ಬಂದ ಮೇಲೆ ನನಗೆ ತಿಳಿದದ್ದು ಇಷ್ಟು: ಅರಿಷಡ್ವರ್ಗದ ಆರನೆಯದಕ್ಕೆ ಷಡ್ಡಕ ಎಂದೂ ಕರೆಯಬಹುದು.

ಗಡಿಗೆಪ್ಪನವರು ಹುಟ್ಟಿದ್ದು ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ. ಮೀಸೆ ಮೂಡುವ ವಯಸ್ಸಿಗೆ ರಾಯಚೂರಿಗೆ ಬಂದು ಖಾಲಿ ಗೋಣಿಚೀಲ ಕೊಂಡು, ತೂತು ಹೊಲಿಸಿ, ಮತ್ತೆ ಮಾರುವ ವ್ಯಾಪಾರ ಹಿಡಿದರು. ಅವರ ಅಂಗಡಿಯ ಹಿಂದೆ ಹೆಣ್ಣುಮಕ್ಕಳು ಸಾಲಾಗಿ ಕೂತು ದಬ್ಬಣದಿಂದ ಚೀಲ ಹೊಲಿಯುತ್ತಿದ್ದರು. ಒಣ ಗೋಣಿಯ ಗುಡ್ಡೆಗೆ ಒಂದು ಕಿಡಿ ಸಾಕು. ಹಾಗಾಗಿ ಆ ವಠಾರದಲ್ಲಿ ಬೀಡಿ ಹಚ್ಚುವಂತಿರಲಿಲ್ಲ. ಹಚ್ಚಿದವನಿಗೆ ಅವತ್ತೇ ಲೆಕ್ಕ ಚುಕ್ತಾ. ಸ್ವತಃ ಗಡಿಗೆಪ್ಪನವರು ಬೀಡಿಯನ್ನು ಬೆರಳಿನಿಂದಲೂ ಮುಟ್ಟಿದವರಲ್ಲ. ಒಳಗಿನ ಹೊಟ್ಟೆಕಿಚ್ಚಿಗಂತೂ ಕಡ್ಡಿಪೆಟ್ಟಿಗೆಯ ಗರಜು ಇರಲಿಲ್ಲ.

ದೇವದುರ್ಗದ ಸೂಗಪ್ಪ ಸಾಹುಕಾರರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳನ್ನು ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣನವರಿಗೆ ಕೊಟ್ಟಿದ್ದರು. ಕಿರಿಯವರಾದ ವೀರಭದ್ರಮ್ಮನವರು ಗಡಿಗೆಪ್ಪನವರ ಪಾಲಿಗೆ ಬಂದರು, ಬರುವಾಗ ಒಂದು ಮಾತನ್ನೂ ಕಟ್ಟಿಕೊಂಡು ಬಂದರು: ‘ನಮ್ಮ ಮಾನ್ವಿ ಮಾಮಾ ಇದ್ದಿದ್ರ...’ ಅಕ್ಕನ ಗಂಡನನ್ನು ಅವರು ಮಾಮಾ ಎನ್ನುತ್ತಿದ್ದರು. ಹಾಲು ಉಕ್ಕಿದರೂ, ಹೆಂಚು ಸೋರಿದರೂ, ದನಕ್ಕೆ ಜ್ವರ ಬಂದರೂ ಮಾನ್ವಿ ಮಾಮಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆ ತಾಯಿಯ ಮನಸ್ಸಿನಲ್ಲಿ ಗಂಡನನ್ನು ಚುಚ್ಚುವ ಉದ್ದೇಶವಿರಲಿಲ್ಲ. ಅದೊಂದು ರೂಢಿ. ದಬ್ಬಣಕ್ಕೂ ಚುಚ್ಚುವ ಉದ್ದೇಶ ಇರುವುದಿಲ್ಲ.

ವ್ಯಾಪಾರದಲ್ಲಿಯೂ ಹಾಗೇ. ವಿರೂಪಣ್ಣನವರ ಗಿರಣಿ ಅಕ್ಕಿ ತುಂಬುತ್ತಿದ್ದದ್ದು ಗಡಿಗೆಪ್ಪನವರು ಕೊಟ್ಟ ಚೀಲಗಳಲ್ಲಿ. ಚೀಲ ಇವರದು, ಮೇಲೆ ಅಚ್ಚೊತ್ತಿದ ಹೆಸರು ಅವರದು. ಹೈದರಾಬಾದಿನ ತನಕ ಜನ ಓದಿದ್ದು ಆ ಹೆಸರನ್ನೇ.

ಗಡಿಗೆಪ್ಪನವರಿಗೆ ಈ ಜನ್ಮದಲ್ಲಿ ಬೇಕಿದ್ದದ್ದು ಒಂದೇ. ‘ಮಾನ್ವಿ ಮಾಮಾಗಿಂತ ನೀವೇ ಮೇಲು’ ಎಂದು ಹೆಂಡತಿ ಒಂದು ಸಲ, ಬಾಯಿತಪ್ಪಿಯಾದರೂ, ಹೇಳಬೇಕು. ಅದಕ್ಕಾಗಿ ಅವರು ಮಾಡಿದ ಖಟಪಟಿಯಿಂದ ಊರು ಸುಧಾರಿಸಿತು. ವಿರೂಪಣ್ಣನವರು ಸ್ಟೇಷನ್ ರಸ್ತೆಯಲ್ಲಿ ನೀರಿನ ಅರವಟ್ಟಿಗೆ ಇಟ್ಟರು. ಇವರು ಎದುರು ಬದಿಗೆ ಮಜ್ಜಿಗೆ ಇಟ್ಟರು. ಅವರು ಸರ್ಕಾರಿ ದವಾಖಾನೆಯ ಮುಂದೆ ರೋಗಿಗಳ ಜೊತೆ ಬಂದವರಿಗೆಂದು ತಗಡಿನ ನೆರಳು ಹಾಕಿಸಿದರು. ಇವರು ಅದರ ಕೆಳಗೆ ಹಾಸಲು ಚಾಪೆ ಕೊಟ್ಟು, ಪ್ರತಿ ಚಾಪೆಯ ಮೂಲೆಗೂ ತಮ್ಮ ಹೆಸರು ಹೊಲಿಸಿದರು. ಅವರು ರಸ್ತೆಬದಿಗೆ ಬೇವಿನ ಸಸಿ ನೆಡಿಸಿದರೆ ಇವರು ಸಸಿಗೆ ಮುಳ್ಳುತಂತಿಯ ಬೇಲಿ ಕಟ್ಟಿಸಿದರು. ಗಿಡ ಅವರದು, ಗೇಟು ಇವರದು. ಆಡುಗಳಿಗಷ್ಟೇ ಈ ಪೈಪೋಟಿಯಿಂದ ನಷ್ಟವಾಯಿತು.

ವಿರೂಪಣ್ಣನವರಿಗೆ ಇದು ಪೈಪೋಟಿ ಎಂಬುದೇ ಗೊತ್ತಿರಲಿಲ್ಲ. ‘ನಮ್ಮ ತಮ್ಮಂದು ದೊಡ್ಡ ಕೈ’ ಎಂದು ಸಿಕ್ಕವರ ಮುಂದೆಲ್ಲ ಹೊಗಳುತ್ತಿದ್ದರು. ಓಡುವವನು ಒಬ್ಬನೇ ಇದ್ದರೂ ಎರಡನೆಯ ಬಹುಮಾನ ಬರಬಹುದು ಎಂಬುದಕ್ಕೆ ಗಡಿಗೆಪ್ಪನವರೇ ಸಾಕ್ಷಿ.

ಇಂಥ ವಿರೂಪಣ್ಣನವರಿಗೂ ಒಂದೇ ಒಂದು ಚಟವಿತ್ತು, ಸಿಗರೇಟು. ನಮ್ಮ ಕಡೆ ಹಿರಿಯರೆದುರು ಸೇದುವುದೆಂದರೆ ಅವರ ಮುಖಕ್ಕೆ ಉಗುಳಿದ ಹಾಗೆ. ಮಾವನ ಮುಂದಂತೂ ಅಳಿಯ ಕಡ್ಡಿಪೆಟ್ಟಿಗೆಯನ್ನೂ ತೋರಿಸುವಂತಿಲ್ಲ. ದೇವದುರ್ಗಕ್ಕೆ ಹೋದಾಗ ವಿರೂಪಣ್ಣನವರು ದನದ ಕೊಟ್ಟಿಗೆಯ ಹಿಂದೆ ನಿಂತು ಸೇದಿ, ಲವಂಗ ಅಗಿದು ಒಳಗೆ ಬರುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗಿರುವುದೇ ಮರ್ಯಾದೆಯಾಗಿತ್ತು. ಗಡಿಗೆಪ್ಪನವರಿಗೆ ಷಡ್ಡಕರಲ್ಲಿ ಮನಸಾರೆ ಹಿಡಿಸಿದ್ದು ಆ ಲವಂಗದ ವಾಸನೆಯೊಂದೇ.

೧೯೮೧ರ ನಾಗರ ಪಂಚಮಿಗೆ ಅದೂ ಹೋಯಿತು. ಪಂಚಮಿಗೆ ತವರಿಗೆ ಹೋದ ಹೆಂಡಂದಿರನ್ನು ಕರೆತರಲು ಇಬ್ಬರೂ ಅಳಿಯಂದಿರು ದೇವದುರ್ಗಕ್ಕೆ ಹೋಗಿದ್ದರು. ವಿರೂಪಣ್ಣನವರು ಜಗುಲಿಯ ಮೇಲಿದ್ದ ಮಾವನ ಕಾಲ ಬಳಿ ಸಿಗರೇಟಿನ ಪಾಕೀಟು ಇಟ್ಟು, ವಿಭೂತಿ ಮುಟ್ಟಿ, ‘ಇವತ್ತಿಗಿ ಬಿಟ್ಟೆ’ ಎಂದರಂತೆ. ಸೂಗಪ್ಪ ಸಾಹುಕಾರರು ಕಣ್ಣೊರೆಸಿಕೊಂಡರಂತೆ. ಅತ್ತೆ ಚನ್ನಮಲ್ಲಮ್ಮನವರು ದೃಷ್ಟಿ ತೆಗೆದರಂತೆ. ಮರಳಿ ಬಂದ ವೀರಭದ್ರಮ್ಮನವರು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ನನ್ನ ಹೆಂಡತಿಗೆ ಹೇಳುತ್ತಿದ್ದರು: ‘ಇಪ್ಪತ್ತು ವರ್ಷದ ಚಟ ಒಂದು ಮಾತಿಗಿ ಬಿಟ್ರು ನೋಡವಾ! ಗಂಡಸು ಅಂದ್ರ ನಮ್ಮ ಮಾನ್ವಿ ಮಾಮಾ.’

ಗಡಿಗೆಪ್ಪನವರು ಕೆಳಗಿನಿಂದಲೇ ಕೂಗಿದರು, ‘ನಾ ಹುಟ್ಟಿದಾಗಿಂದ ಮುಟ್ಟಿಲ್ಲಲ್ಲೇ!’

‘ಮುಟ್ಟದಿದ್ರ ಬಿಡೋದೇನ್ ಬಂತ್ರಿ?’ ಎಂದರು ಆ ತಾಯಿ.

ಅದೇ ವಾರ ಗಡಿಗೆಪ್ಪನವರು ರಾಯಚೂರಿನಲ್ಲಿ ಧೂಮಪಾನ ಬಿಡಿಸುವ ಸಂಘ ಕಟ್ಟಿದರು. ಒಬ್ಬ ಬಿಟ್ಟರೆ ಇಷ್ಟು ಹೆಸರಾದರೆ, ಊರನ್ನೇ ಬಿಡಿಸಿದವನಿಗೆ ಎಷ್ಟಾಗಬೇಡ? ಅಧ್ಯಕ್ಷರು ಅವರು, ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಾನೆಂದು ಕಾರ್ಯದರ್ಶಿ ನಾನು. ‘ಬೀಡಿ ಬಿಡಿ’ ಎಂಬ ಘೋಷಣೆಯನ್ನು ನಾನೇ ಬರೆದುಕೊಟ್ಟೆ. ಪೇಂಟರು ಗೋಡೆಯ ಮೇಲೆ ಅದನ್ನು ‘ಬಿಡಿ ಬೀಡಿ’ ಎಂದು ತಿರುಗಿಸಿ ಬರೆದದ್ದರಿಂದ, ಪಕ್ಕದ ಪಾನ್ ಡಬ್ಬಿಯವನಿಗೆ ಕೆಲವು ದಿನ ವ್ಯಾಪಾರ ಚೆನ್ನಾಗಿ ಆಯಿತು.

ನಗಬಾರದು, ಕೆಲಸ ನಿಜವಾಗಿ ನಡೆಯಿತು. ಬಸ್ ಸ್ಟ್ಯಾಂಡಿನಲ್ಲಿ, ಟಾಕೀಸಿನ ಬಾಗಿಲಲ್ಲಿ ಮರಳು ತುಂಬಿದ ಎಣ್ಣೆ ಡಬ್ಬಗಳು ಬಂದವು. ಮೋಟು ಬೀಡಿಗಳು ಜನರ ಕಾಲ ಕೆಳಗಿಂದ ಡಬ್ಬಕ್ಕೆ ಹೋದವು. ದವಾಖಾನೆಯ ಹೆರಿಗೆ ವಾರ್ಡಿನ ಮುಂದೆ ಗಂಡಂದಿರು ಹೊಗೆ ಬಿಡುವುದು ನಿಂತಿತು. ಎಲ್ಲಕ್ಕಿಂತ ನಡೆದದ್ದು ಪುಠಾಣಿ, ಅಂದರೆ ಹುರಿಗಡಲೆ. ಗಂಜಿನಲ್ಲಿ ಗಡಿಗೆಪ್ಪನವರ ಅಂಗಡಿಗೆ ಬೀಡಿ ಕಟ್ಟು ತಂದು ಒಪ್ಪಿಸಿದವರಿಗೆ ತಕ್ಕಡಿಯಲ್ಲಿ ಬೀಡಿಯ ನಾಲ್ಕರಷ್ಟು ತೂಕದ ಪುಠಾಣಿ, ಬೆಲ್ಲ. ಹಮಾಲರು, ರಿಕ್ಷಾದವರು ಸಾಲು ನಿಂತರು. ಬಾಯಿಗೆ ಏನಾದರೊಂದು ಬೇಕಲ್ಲ. ಬೀಡಿಯ ಜಾಗದಲ್ಲಿ ಪುಠಾಣಿ ಕೂತಿತು. ಒಪ್ಪಿಸಿದ ಬೀಡಿ ಒಂದು ಚೀಲ ತುಂಬಿ ಗಡಿಗೆಪ್ಪನವರ ಮನೆಯ ಅಟ್ಟಕ್ಕೆ ಹೋಯಿತು. ಸುಟ್ಟುಬಿಡೋಣ ಎಂದರೆ, ‘ಸುಟ್ರ ಊರೆಲ್ಲಾ ಕೂಡಿ ಸೇದಿದಂಗ ಆಗ್ತದಲ್ಲ ಸರ’ ಎಂದು ಅವರಿಗೆ ಚಿಂತೆ.

ಆಮೇಲೆ ಗಂಜಿನ ಬಯಲಲ್ಲಿ ಸಂಘದ ಸಭೆ ಆಯಿತು. ಗಡಿಗೆಪ್ಪನವರು ನಿಂತು ಹೊಗೆಯ ಕೇಡುಗಳನ್ನು ಹೇಳಿದರು. ಮುಂದಿನ ಸಾಲಿನಿಂದ ಅಲ್ಲಾಉದ್ದೀನ್ ಎದ್ದ.

‘ಸಾವ್ಕಾರ್ರ, ನೀವು ಎಷ್ಟು ವರ್ಷ ಸೇದ್ತಿದ್ರಿ?’

‘ನಾ ಸೇದೇ ಇಲ್ಲಪಾ.’

‘ಹಂಗಾರ ಮುಂಜಾನಿ ಎದ್ದ ಕೂಡ್ಲೆ ಬೀಡಿ ಸಿಗಲಿಲ್ಲಂದ್ರ ಹೆಂಗಾಗ್ತದ ನಿಮಗೇನ್ ಗೊತ್ರಿ? ಈಜು ಬರಲಾರದವ್ರು ದಂಡಿಮ್ಯಾಲ ಕುಂತು ಕೈ ಹಿಂಗ ಬಡಿ, ಕಾಲ್ ಹಂಗ ಬಡಿ ಅಂದಂಗ ಆತು!’

ಬಯಲೆಲ್ಲ ನಕ್ಕಿತು. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಯಾರೋ, ‘ಬಿಟ್ಟೋರನ್ನ ಕರಸ್ರಿ’ ಎಂದರು. ಮುಂದಿನ ಸಭೆಗೆ ಮಾನ್ವಿಯಿಂದ ವಿರೂಪಣ್ಣನವರು ಬಂದರು. ಅವರು ಭಾಷಣ ಮಾಡಲೇ ಇಲ್ಲ. ಬಿಟ್ಟ ಮೊದಲ ವಾರ ಕೈ ನಡುಗಿದ್ದು, ಗಿರಣಿಯ ಆಳುಗಳ ಮೇಲೆ ರೇಗಿದ್ದು, ಮತ್ತೆ ಅವರ ಹತ್ತಿರ ಹೋಗಿ ತಪ್ಪಾಯಿತೆಂದದ್ದು, ಇಷ್ಟನ್ನು ಮನೆಯಲ್ಲಿ ಹೇಳಿದ ಹಾಗೆ ಹೇಳಿದರು. ಹಮಾಲರು ಎದ್ದೆದ್ದು ಬಂದು ಬೀಡಿ ಕಟ್ಟುಗಳನ್ನು ಅವರ ಕಾಲ ಬಳಿ ಇಟ್ಟರು, ಪುಠಾಣಿಯನ್ನೂ ಕೇಳದೆ. ಅಲ್ಲಾಉದ್ದೀನ್ ಸಹ ಇಟ್ಟ. ಸಂಘ ಇವರದು, ಬಯಲ ಬಾಡಿಗೆ ಇವರದು, ಪುಠಾಣಿ ಇವರದು. ಹಾರ ಮಾತ್ರ ಅವರಿಗೆ. ಹೊಗೆ ಬಿಟ್ಟವರಿಗೆ ಹೊಗಳಿಕೆ, ಹೊಗೆಯನ್ನೇ ಬಿಡದವರಿಗೆ ಏನೂ ಇಲ್ಲ.

ಅವತ್ತು ಸಂಜೆ ಅವರು ನನ್ನನ್ನು ಕೆಳಗೆ ಕರೆದರು. ‘ಸರ, ನಾನೂ ಬಿಡಬೇಕು.’

‘ಏನನ್ನ?’

‘ಬೀಡಿ.’

‘ನೀವು ಸೇದೋದೇ ಇಲ್ಲಲ್ರಿ?’

‘ಅದಕ್ಕ ಮೊದಲ ಕಲೀಬೇಕು ಅಂತೀನಿ.’

‘ಸೇದದೇ ಇರೋದು ಬಿಡೋದಕ್ಕಿಂತ ದೊಡ್ಡದಲ್ಲೇನ್ರಿ?’ ಎಂದೆ.

‘ದೊಡ್ಡದು ಖರೇ, ಯಾರಿಗಿ ಕಾಣ್ತದ? ಕಾಣಲಾರದ್ದಕ್ಕ ಹಾರ ಹಾಕಿದ್ದು ನೋಡೀರೇನು?’

ಊರಲ್ಲಿ ಕಲಿಯುವ ಹಾಗಿಲ್ಲ, ಅಧ್ಯಕ್ಷರು. ಅಟ್ಟದ ಚೀಲದಿಂದ ಒಂದು ಕಟ್ಟು ತೆಗೆದುಕೊಂಡು ಶಕ್ತಿನಗರಕ್ಕೆ ಹೋದರು. ಅಲ್ಲಿ ವಿದ್ಯುತ್ ಸ್ಥಾವರದ ಕೆಲಸ ನಡೆದಿತ್ತು. ದೂರದೂರದ ಗುತ್ತಿಗೆ ಕೂಲಿಗಳ ನಡುವೆ ಇವರ ಗುರುತು ಯಾರಿಗೂ ಇರಲಿಲ್ಲ. ವಲಿ ಪಾಷಾ ಎಂಬವನ ಚಹಾ ಹೋಟೆಲಿನ ಹಿಂದೆ, ಕೈಯಲ್ಲಿ ಬೀಡಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ಕೂತರು. ವಲಿ ಪಾಷಾನಿಗೆ ಕನಿಕರ ಬಂತು.

‘ಕ್ಯಾ ಸಾವ್ಕಾರ್, ಹೊಗಿ ಬಾಯಾಗ ಇಟ್ಕೊಂಡು ಕುಂತ್ರ ಹೆಂಗ? ಒಳಗ ಎಳೀರಿ... ಅರೆ, ನುಂಗಬ್ಯಾಡ್ರಿ! ಈ ವಯಸ್ಸಿನಾಗ ಎಲ್ಲಾರೂ ಬಿಡಾಕ ನೋಡ್ತಾರ, ನೀವು ಹಿಡಿಯಾಕ ಬಂದೀರಲ್ಲ, ಯಾರರ ಮಾಟ ಮಾಡ್ಯಾರೇನು?’

‘ಮಾಟ ಅಲ್ಲಪಾ, ಷಡ್ಕ’ ಎಂದರಂತೆ ಇವರು ಕೆಮ್ಮುತ್ತಲೇ.

ವಾರಕ್ಕೊಮ್ಮೆ ಹೋಗಿ ಮಳೆಗಾಲದ ಹೊತ್ತಿಗೆ ಒಂದು ಬೀಡಿಯನ್ನು ಕೊನೆಮುಟ್ಟಿಸುವಷ್ಟು ಪಳಗಿದರು. ಕೆಮ್ಮು ಮಾತ್ರ ಹೋಗಲಿಲ್ಲ.

೧೯೮೨ರ ಪಂಚಮಿಗೆ ನನ್ನನ್ನೂ ದೇವದುರ್ಗಕ್ಕೆ ಎಳೆದುಕೊಂಡು ಹೋದರು. ದಾರಿಯುದ್ದಕ್ಕೂ ಯೋಜನೆ ವಿವರಿಸಿದರು. ಬಿಡಬೇಕಾದರೆ ಸೇದುವುದು ಮೊದಲು ಮಾವನಿಗೆ ಗೊತ್ತಾಗಬೇಕು. ಮಾವನ ಮುಂದೆ ಸೇದುವಂತಿಲ್ಲ, ‘ನಾ ಸೇದ್ತೀನ್ರಿ’ ಎಂದು ಹೇಳುವಂತೆಯೂ ಇಲ್ಲ. ಉಳಿದದ್ದು ಒಂದೇ ದಾರಿ: ಮರ್ಯಾದೆಯಾಗಿ ಕದ್ದು ಸೇದಿ ಸಿಕ್ಕಿಬೀಳುವುದು.

‘ನಾ ಕೊಟ್ಟಿಗಿ ಹಿಂದ ನಿಂತು ಕೆಮ್ತೀನಿ. ಕೆಮ್ಮು ಕೇಳಿದ ಕೂಡ್ಲೆ ನೀವು, ಹಸು ನೋಡೋಣು ಬರ್ರಿ ಅಂತ ನಮ್ಮ ಮಾಂವಾರನ್ನ ಕರಕೊಂಡು ಬರ್ರಿ. ನಾ ಗಾಬರಿಯಾಗಿ ಕೈಯಾಗಿಂದು ಒಗೀತೀನಿ, ಅವರ ಕಾಲಿಗಿ ಬೀಳ್ತೀನಿ, ವಿಭೂತಿ ಮುಟ್ಟಿ ಬಿಡ್ತೀನಿ. ಎಲ್ಲಾ ಊಟಕ್ಕ ಮೊದಲ ಮುಗೀಬೇಕು.’

ಸೂಗಪ್ಪ ಸಾಹುಕಾರರ ಜಗುಲಿಯ ಮೇಲೆ ನನಗೆ ಎಳ್ಳುಂಡಿ, ಶೇಂಗಾ ಉಂಡಿ ಕೊಟ್ಟರು. ಅಂಗಳದ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅಕ್ಕತಂಗಿಯರು ಹುಡುಗಿಯರ ಹಾಗೆ ಜೀಕುತ್ತಿದ್ದರು. ಗಡಿಗೆಪ್ಪನವರು ನನಗೆ ಕಣ್ಣು ಮಿಟುಕಿಸಿ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿತು. ಅದು ಕರೆಯುವ ಕೆಮ್ಮಲ್ಲ, ಕರುಳು ಕಿತ್ತು ಬರುವ ಕೆಮ್ಮು. ನನ್ನ ಬಾಯಿ ತುಂಬ ಉಂಡಿ. ಅದನ್ನು ನುಂಗಿ ‘ಸಾಹುಕಾರ್ರ, ನಿಮ್ಮ ಹಸು...’ ಎನ್ನುವಷ್ಟರಲ್ಲಿ, ಮೊದಲೇ ಬಂದು ಒಳಗಿದ್ದ ವಿರೂಪಣ್ಣನವರು, ಪಾಪ, ಯಾರಿಗೆ ಏನಾಯಿತೋ ಎಂದು ತಂಬಿಗೆ ನೀರು ಹಿಡಿದು ಹಿತ್ತಲಿಗೆ ಓಡಿದ್ದರು.

ಹಿಂದಿನಿಂದ ನಾನೂ ಸಾಹುಕಾರರೂ ಹೋದೆವು. ಕೊಟ್ಟಿಗೆಯ ಮೂಲೆ ತಿರುಗುವ ಮೊದಲೇ ವಿರೂಪಣ್ಣನವರ ಪಿಸುಮಾತು ಕೇಳಿತು: ‘ತಮ್ಮಾ, ಯಾವಾಗಿಂದೋ ಇದು? ಮಾಂವಾರು ಬರಾಕತ್ತಾರ, ತಾ ಇಲ್ಲಿ.’ ನನಗೆ ಕೇಳಿತು. ಎಪ್ಪತ್ತು ದಾಟಿದ ಸಾಹುಕಾರರ ಕಿವಿಗೆ ಬೀಳಲಿಲ್ಲ. ಮೂಲೆ ತಿರುಗಿದಾಗ ಗಡಿಗೆಪ್ಪನವರ ಕೈಯಲ್ಲಿ ತಂಬಿಗೆ ಇತ್ತು. ವಿರೂಪಣ್ಣನವರ ಬೆರಳಲ್ಲಿ ಹೊಗೆಯಾಡುವ ಬೀಡಿ.

ಸೂಗಪ್ಪ ಸಾಹುಕಾರರು ಆ ಬೀಡಿಯನ್ನೇ ನೋಡಿದರು.

‘ವಿರೂಪಣ್ಣ, ಸಿಗರೇಟ್ ಬಿಟ್ಟು ಬೀಡಿಗಿ ಇಳಿದ್ಯಾ?’

ವಿರೂಪಣ್ಣನವರು ತಲೆ ತಗ್ಗಿಸಿದರು. ಗಡಿಗೆಪ್ಪನವರು ಬಾಯಿ ತೆರೆದರು. ಅದರಿಂದ ಕೆಮ್ಮು ಬಂತು. ‘ನೋಡು, ಮುಟ್ಟಲಾರದವನಿಗಿ ನಿನ್ನ ಹೊಗಿ ಕುಡಿಸಿ ಹೆಂಗ್ ಮಾಡೀದಿ’ ಎಂದು ಮುದುಕರು ಕಿರಿಯ ಅಳಿಯನ ಬೆನ್ನು ಸವರುತ್ತ ಒಳಗೆ ಕರೆದುಕೊಂಡು ಹೋದರು.

ಸುದ್ದಿ ಅಡುಗೆಮನೆ ಮುಟ್ಟಿತು. ಜೋಕಾಲಿ ನಿಂತಿತು. ಹಿರಿಯ ಮಗಳು ಸೆರಗು ಬಾಯಿಗೆ ಹಿಡಿದು ಮೂಲೆಗೆ ಕೂತಳು. ಆ ಮನೆಯಲ್ಲಿ ಊಟಕ್ಕೆ ಸಾಹುಕಾರರ ಬಲಗಡೆಯ ಮಣೆ ಹಿರಿಯ ಅಳಿಯನದು. ಅವತ್ತು ಅವರು ಆ ಮಣೆಯನ್ನು ಕೈಯಿಂದ ತಟ್ಟಿ, ‘ಗಡಿಗೆಪ್ಪ, ನೀ ಬಾ ಇಲ್ಲಿ’ ಎಂದರು. ವಿರೂಪಣ್ಣನವರು ಸಾಲಿನ ತುದಿಗೆ, ನನ್ನ ಪಕ್ಕ ಕೂತರು. ವೀರಭದ್ರಮ್ಮನವರು ಗಂಡನ ಹೋಳಿಗೆಯ ಮೇಲೆ ತುಪ್ಪ ಸುರಿದರು, ಸಾಕೆಂದರೂ ನಿಲ್ಲಿಸದೆ. ಚನ್ನಮಲ್ಲಮ್ಮನವರು, ‘ಆಣಿ ಮಾಡಿ ಮುರಿಯೋರಿಗಿಂತ ಮೊದಲ ಮುಟ್ಟಲಾರದವ್ರು ಸಾವಿರ ಪಾಲು ಮೇಲು’ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು.

ಹನ್ನೆರಡು ವರ್ಷ ಬೆಂಚು, ಮಜ್ಜಿಗೆ, ಚಾಪೆ, ಬೇಲಿ ಇಷ್ಟೆಲ್ಲ ಕೊಟ್ಟರೂ ಸಿಗದಿದ್ದ ಮಣೆ ಅದು. ಗಡಿಗೆಪ್ಪನವರು ಹೋಳಿಗೆ ಮುರಿದರು. ಬಾಯಿಗಿಟ್ಟರು. ನುಂಗಲಿಲ್ಲ. ಅವರ ಕಣ್ಣು ಸಾಲಿನ ತುದಿಯಲ್ಲಿತ್ತು. ನಾನೂ ನೋಡಿದೆ. ವಿರೂಪಣ್ಣನವರು ತಲೆ ತಗ್ಗಿಸಿ, ಹಪ್ಪಳ ಮುರಿದು ಸಾರಿಗೆ ಅದ್ದಿಕೊಂಡು ಊಟ ಮಾಡುತ್ತಿದ್ದರು. ಬೈಸಿಕೊಂಡ ಮುಖವಲ್ಲ ಅದು. ಯಾರಿಗೋ ದೊಡ್ಡದೊಂದನ್ನು ಕೊಟ್ಟು ಹೇಳದೆ ಬಂದವರ ಮುಖ. ಗಡಿಗೆಪ್ಪನವರ ಕುತ್ತಿಗೆಯ ನರ ಉಬ್ಬಿತು.

ಅವರು ಮಣೆಯಿಂದ ಎದ್ದು ನಿಂತರು.

‘ಮಾಂವಾರ, ಆ ಬೀಡಿ ನಂದು.’

ಸೌಟು ಹಿಡಿದ ಚನ್ನಮಲ್ಲಮ್ಮನವರು ಹಾಗೇ ನಿಂತರು. ಗಡಿಗೆಪ್ಪನವರು ಜೇಬಿನಿಂದ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ತೆಗೆದು ಮಾವನ ಎಲೆಯ ಪಕ್ಕಕ್ಕಿಟ್ಟರು. ‘ಇಕಾ ಕಟ್ಟು. ನಾ ಸೇದಾಕತ್ತಿದ್ದೆ. ಅಣ್ಣಾರು ನನ್ನ ಕೈಯಾಗಿಂದು ಕಸಗೊಂಡು ತಮ್ಮ ಮ್ಯಾಲ ಹಾಕ್ಕೊಂಡ್ರು. ಅವರು ವರ್ಷದಿಂದ ಮುಟ್ಟಿಲ್ಲ.’

ಸೂಗಪ್ಪ ಸಾಹುಕಾರರು ಸಾಲಿನ ತುದಿಗೆ ನೋಡಿದರು. ‘ಖರೇನೇನು?’

‘ಹೋಗ್ಲಿ ಬಿಡ್ರಿ ಮಾಂವಾರ, ಸಣ್ಣಾವ ಅದಾನ’ ಎಂದರು ವಿರೂಪಣ್ಣನವರು. ‘ಸೇದಿ ಬೈಸಿಕೊಳ್ಳೋದು ನನಗ ರೂಢಿ, ಅವಗ ಹೊಸದು.’

ಹಿರಿಯ ಮಗಳು ಮೂಲೆಯಲ್ಲೇ ಅಳತೊಡಗಿದಳು, ಈ ಸಲ ಬೇರೆ ಅಳು. ಸಾಹುಕಾರರು ಬೀಡಿ ಕಟ್ಟನ್ನು ಎಲೆಯಿಂದ ದೂರ ಸರಿಸಿದರು. ಕಿರಿಯ ಅಳಿಯನಿಗೆ, ‘ಮಾಡಿದ್ದು ಹಲ್ಕಟ್ ಕೆಲಸ. ಆದ್ರ ಎದ್ದು ಹೇಳೀದಿ. ಕುಂದರು, ಊಟ ಮಾಡು’ ಎಂದರು. ವಿಭೂತಿ ಗಟ್ಟಿ ತರಿಸಿದರು. ಗಡಿಗೆಪ್ಪನವರು ಅದನ್ನು ಮುಟ್ಟಿ ಬೀಡಿ ಬಿಟ್ಟರು. ಆಮೇಲೆ ಅವರು ಬೀಡಿ ಮುಟ್ಟಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ರಾಯಚೂರಿನ ಸಭೆಗಳಲ್ಲಿ ‘ನಾನೂ ಬಿಟ್ಟೋನೇ’ ಎಂದು ಧಾರಾಳವಾಗಿ ಹೇಳಿದರು. ಎಷ್ಟು ವರ್ಷ ಸೇದಿದ್ದೆಂದು ಕೇಳಿದವರಿಗೆ ಮಾತ್ರ ಪುಠಾಣಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು.

ಅವತ್ತು ಮಧ್ಯಾಹ್ನದ ಬಸ್ಸಿಗೆ ನಾವು ಮೂವರು ಹೊರಟೆವು. ಗಂಡಹೆಂಡತಿ ಮುಂದಿನ ಸೀಟು, ಹಿಂದಿನ ಸೀಟಿನಲ್ಲಿ ನಾನು ಮತ್ತು ಉಂಡಿಯ ಬುಟ್ಟಿ. ಬಸ್ಸು ಗಬ್ಬೂರು ದಾಟಿತು. ಆಮೇಲೆ ವೀರಭದ್ರಮ್ಮನವರು ಗಂಡನ ಕಡೆ ತಿರುಗಿದರು. ಅವರ ದನಿ ನಾನು ಎಂದೂ ಕೇಳಿರದಷ್ಟು ಮೆತ್ತಗಿತ್ತು.

‘ಏನ್ರಿ, ನಮ್ಮಪ್ಪನ ಬಲಗಡಿ ಮಣಿ ಸಿಕ್ಕಿತ್ತು, ಎಲ್ಲಾರೂ ಹೊಗಳಾಕತ್ತಿದ್ರು. ಬಾಯಿ ಮುಚ್ಕೊಂಡು ಕುಂತಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಅಷ್ಟು ಮಂದಿ ಮುಂದ ಎದ್ದು ಖರೇ ಹೇಳಿದ್ರಲ್ಲ, ಮಾನ್ವಿ ಮಾಮಾಗ ಆದ್ರೂ ಅಷ್ಟು ಎದಿ ಇರ್ತಿದ್ದಿಲ್ಲ ನೋಡ್ರಿ. ಇವತ್ತ ನೀವೇ ಮೇಲು.’

ಗಡಿಗೆಪ್ಪನವರ ಕಿವಿ ಕೆಂಪಾದದ್ದು ಹಿಂದಿನಿಂದ ನನಗೆ ಕಂಡಿತು. ಈ ಮನುಷ್ಯ ಈಗ ಸುಮ್ಮನಿದ್ದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡೆ.

‘ಹೇಳ್ರಿ’ ಎಂದು ಆ ತಾಯಿ ಇನ್ನಷ್ಟು ಹತ್ತಿರ ಸರಿದು ಕೇಳಿದರು, ‘ಆವಾಗ ಮನಸಿನಾಗ ಏನ್ ಬಂತು? ಯಾಕ ಹೇಳಿದ್ರಿ?’

‘ಮತ್ತೇನ್ ಮಾಡ್ಲೇ?’ ಎಂದರು ಗಡಿಗೆಪ್ಪನವರು. ‘ಸುಮ್ನ ಕುಂತಿದ್ರ ಪುಣ್ಯ ಪೂರಾ ಅವಗ ಹೋಗ್ತಿತ್ತಲ್ಲ!’